ಬಂದರಿಲ್ಲದ ನಾಡಿನ ನೆಪ

ಕರಾವಳಿಗೆ ಕಡಲಿದೆ, ಬಂದರಿದೆ, ಮಳೆಯಿದೆ. ಹಾಗಾಗಿ ಅಲ್ಲಿಗೆ ಕಾರ್ಖಾನೆಗಳು ಬಂದವು, ಪೇಟೆ ಬೆಳೆಯಿತು. ರಾಯಚೂರು ಸೀಮೆಗೆ ಕಡಲೂ ಇಲ್ಲ, ಮಳೆಯೂ ಇಲ್ಲ. ಹಾಗಾಗಿ ಅದು ಹಿಂದೆ ಬಿತ್ತು. ಕರ್ನಾಟಕದ ಪ್ರಾದೇಶಿಕ ಅಸಮಾನತೆಯ ಬಗ್ಗೆ ಹೆಚ್ಚು ಚಲಾವಣೆಯಲ್ಲಿರುವ ವಿವರಣೆ ಇದೇ. ಶಾಲೆಯ ಭೂಗೋಳ ಪಾಠದಲ್ಲಿ, ಹೂಡಿಕೆದಾರರ ಸಮಾವೇಶದ ಭಾಷಣದಲ್ಲಿ, ಬರ ಪರಿಹಾರದ ಚರ್ಚೆಯಲ್ಲಿ ಇದು ಬೇರೆ ಬೇರೆ ಮಾತಿನಲ್ಲಿ ಬರುತ್ತದೆ. ಹಿಂದುಳಿದವರು ಎನಿಸಿಕೊಂಡವರೇ ಎಷ್ಟೋ ಸಲ ಇದನ್ನು ಹೆಚ್ಚು ನಂಬುತ್ತಾರೆ. ಈ ವಿವರಣೆಯಿಂದ ಯಾರ ಮೇಲೂ ತಪ್ಪು ಬರುವುದಿಲ್ಲ. ಅದರ ಜನಪ್ರಿಯತೆಯ ಗುಟ್ಟೂ ಅದೇ. ಕಾಲುವೆಯ ಜಾಡು ಗುರುತಿಸಿದವರು, ರೈಲಿಗೆ ಹಣ ಕೊಡದವರು, ಗಣಿ ಮುಚ್ಚಿದವರು ಎಲ್ಲರೂ ನಕಾಶೆಯ ಮರೆಗೆ ಸರಿದುಬಿಡಬಹುದು.

ವಾದಕ್ಕೆ ವಿದ್ವತ್ತಿನ ಬೆಂಬಲವೂ ಇದೆ. 19ನೇ ಶತಮಾನದ ಜರ್ಮನ್ ಭೂಗೋಳಜ್ಞ ಫ್ರೀಡ್ರಿಶ್ ರಾಟ್ಸೆಲ್ ಹಾಕಿದ ದಾರಿಯಲ್ಲಿ ನಡೆದವರು ನೆಲ ಮತ್ತು ಹವೆಯೇ ಸಮಾಜದ ಗತಿಯನ್ನು ನಿರ್ಧರಿಸುತ್ತವೆ ಎಂದರು. 1990ರ ದಶಕದ ಕೊನೆಯಲ್ಲಿ ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ಮತ್ತು ಸಂಗಡಿಗರು ಇದನ್ನು ಅಂಕಿಅಂಶಗಳ ಬಲದಿಂದ ಮತ್ತೆ ಮುಂದಿಟ್ಟರು. ಕಡಲಿಗೆ ಹತ್ತಿರವಿರುವ ನಾಡಿಗೆ ಸಾಗಣೆ ಅಗ್ಗ, ವ್ಯಾಪಾರ ಸಲೀಸು, ಒಳನಾಡಿಗೆ ಇವೆರಡೂ ದುಬಾರಿ ಎಂಬುದು ಅವರ ವಾದದ ತಿರುಳು. ಇದರಲ್ಲಿ ಸುಳ್ಳಿಲ್ಲ. ಲಾರಿ ಬಾಡಿಗೆಗಿಂತ ಹಡಗಿನ ಬಾಡಿಗೆ ಕಡಿಮೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಾಗಣೆಯ ವೆಚ್ಚ ಎಷ್ಟು ಎನ್ನುವುದು ಒಂದು ಮಾತು, ಒಂದು ಊರು ಏನಾಗಬಲ್ಲದು ಎನ್ನುವುದು ಇನ್ನೊಂದು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಾಧಿಸಿದೆವು ಎನ್ನುವಲ್ಲಿ ತರ್ಕ ಜಾರುತ್ತದೆ.

ಈ ತರ್ಕವನ್ನು ಒರೆಗೆ ಹಚ್ಚಲು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮೂರೂ ಕೃಷ್ಣಾ–ತುಂಗಭದ್ರಾ ನಡುವಣ ದೋಆಬಿನ ಊರುಗಳು. ಜೇವರ್ಗಿಯಿಂದ ಚಾಮರಾಜನಗರದ ಕಡೆಗೆ ಇಳಿಯುವ 150ಎ ರಾಷ್ಟ್ರೀಯ ಹೆದ್ದಾರಿ ಮೂರನ್ನೂ ಪೋಣಿಸಿಕೊಂಡು ಹೋಗುತ್ತದೆ. ಉತ್ತರದ ಲಿಂಗಸುಗೂರಿನಿಂದ ದಕ್ಷಿಣದ ಸಿಂಧನೂರಿಗೆ ಅರವತ್ತು ಕಿಲೋಮೀಟರೂ ಇಲ್ಲ, ನಡುವೆ ಮಸ್ಕಿ. ಮಳೆ ಮೂರೂ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಕಡಲು ಮೂರಕ್ಕೂ ಅಷ್ಟೇ ದೂರ. ಎರೆ ಮತ್ತು ಮಸಾರಿ ನೆಲ ಮೂರರಲ್ಲೂ ಹಂಚಿಕೊಂಡಿದೆ. ಆದರೂ ಒಂದು ಊರು ಅಕ್ಕಿ ಗಿರಣಿಗಳ ಪೇಟೆಯಾಯಿತು, ಇನ್ನೊಂದು ಚಿನ್ನದ ಗಣಿಯ ಮಗ್ಗುಲಲ್ಲಿದ್ದೂ ಕಚೇರಿಗಳ ಊರಾಗಿಯೇ ಉಳಿಯಿತು, ಮೂರನೆಯದು ನೀರಿಗಾಗಿ ಧರಣಿ ಕೂತಿತು. ಕಡಲಿನ ದೂರ, ಮಳೆಯ ಕೊರತೆ ಎಂಬ ಒಂದೇ ಕಾರಣದಿಂದ ಇಷ್ಟು ಬೇರೆಯಾದ ಮೂರು ಫಲ ಬಂದಿತು ಎನ್ನುವುದು ನಂಬುವ ಮಾತಲ್ಲ.

ಮೊದಲು ಕರಾವಳಿಯನ್ನೇ ನೋಡಬೇಕು, ಏಕೆಂದರೆ ವಾದದ ಬುಡ ಇರುವುದು ಅಲ್ಲಿ. ಕರ್ನಾಟಕದ ಕಡಲ ತೀರದಲ್ಲಿ ನಿಸರ್ಗ ಒಳ್ಳೆಯ ರೇವನ್ನು ಕೊಟ್ಟಿದ್ದು ಕಾರವಾರಕ್ಕೆ. ಆಳವಾದ ಕೊಲ್ಲಿ, ಅಲೆಗೆ ಅಡ್ಡ ನಿಂತ ಗುಡ್ಡ ಮತ್ತು ದ್ವೀಪಗಳು, ಕಾಳಿ ನದಿಯ ಮುಖ. ಮಂಗಳೂರಿಗೆ ಸಿಕ್ಕಿದ್ದು ನೇತ್ರಾವತಿ–ಗುರುಪುರ ನದಿಗಳ ಅಳಿವೆ: ಹೂಳು ತುಂಬುವ, ಮರಳ ದಿಬ್ಬ ಅಡ್ಡ ಬರುವ, ಮಳೆಗಾಲದಲ್ಲಿ ಹಡಗಿಗೆ ಮುಚ್ಚಿಹೋಗುವ ರೇವು. ಭೂಗೋಳವೇ ತೀರ್ಪು ಕೊಡುವುದಾದರೆ ರಾಜ್ಯದ ದೊಡ್ಡ ಕೈಗಾರಿಕಾ ಬಂದರು ಕಾರವಾರದಲ್ಲಿ ಇರಬೇಕಿತ್ತು. ಆಗಿದ್ದು ಉಲ್ಟಾ. ಪಣಂಬೂರಿನಲ್ಲಿ ನೆಲವನ್ನೇ ಅಗೆದು, ಕಡಲ ನೀರನ್ನು ಒಳಗೆ ತಂದು, ಕೃತಕ ಬಂದರು ಕಟ್ಟಲಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಕುದುರೆಮುಖದ ಅದಿರನ್ನು ಕೆಸರಿನ ರೂಪದಲ್ಲಿ ಕೊಳವೆಯೊಳಗೆ ಘಟ್ಟದಿಂದ ಇಳಿಸುವ ಯೋಜನೆ ಅದಕ್ಕೆ ಜೊತೆಯಾಯಿತು. ರಸಗೊಬ್ಬರ ಕಾರ್ಖಾನೆ ಬಂತು, 1979ರಲ್ಲಿ ಹಾಸನ–ಮಂಗಳೂರು ರೈಲು ಮಾರ್ಗ ಮುಗಿಯಿತು, 1990ರ ದಶಕದಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ ಕೆಲಸ ಆರಂಭಿಸಿತು. ಇದರಲ್ಲಿ ನಿಸರ್ಗ ತಾನಾಗಿ ಮಾಡಿದ್ದು ಬಹಳ ಕಡಿಮೆ.

ಕಾರವಾರದ ಕತೆ ಇನ್ನೂ ಸ್ಪಷ್ಟ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ ಧಾರವಾಡ ಸೀಮೆಯ ಹತ್ತಿ ಇಳಿಸಲು ಬ್ರಿಟಿಷರ ಕಣ್ಣಿಗೆ ಬಿದ್ದಿದ್ದು ಇದೇ ರೇವು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿ ಕಾರವಾರವನ್ನು ಜಿಲ್ಲಾ ಕೇಂದ್ರ ಮಾಡಲಾಯಿತು. ಹುಬ್ಬಳ್ಳಿಯಿಂದ ರೈಲು ತರುವ ಮಾತೂ ನಡೆಯಿತು. ಕೊನೆಗೆ ರೈಲು ಇಳಿದಿದ್ದು ಪೋರ್ಚುಗೀಸರ ಮರ್ಮಗೋವಾಕ್ಕೆ, 1880ರ ದಶಕದಲ್ಲಿ. ಹತ್ತಿಯೂ ಅದರ ಹಿಂದೆಯೇ ಹೋಯಿತು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇಂದಿಗೂ ಕಾಡು ಮತ್ತು ನ್ಯಾಯಾಲಯಗಳ ನಡುವೆ ಸಿಕ್ಕಿಕೊಂಡಿದೆ. 2011ರ ಜನಗಣತಿಯಲ್ಲಿ ಕಾರವಾರವೂ ಸಿಂಧನೂರೂ ಹೆಚ್ಚುಕಡಿಮೆ ಒಂದೇ ಗಾತ್ರದ ಪಟ್ಟಣಗಳು, ಎರಡೂ ಎಪ್ಪತ್ತೈದು ಸಾವಿರದ ಆಸುಪಾಸು. ಒಂದು ಕಡೆ ಪಶ್ಚಿಮ ತೀರದ ಉತ್ತಮ ನೈಸರ್ಗಿಕ ರೇವುಗಳಲ್ಲಿ ಒಂದು, ಇನ್ನೊಂದು ಕಡೆ ಎರೆ ಬಯಲಿನ ಕಾಲುವೆ ಊರು. ಕಡಲೇ ಪಟ್ಟಣ ಬೆಳೆಸುತ್ತದೆ ಎನ್ನುವವರು ಈ ಸಾಲಿನ ಬಗ್ಗೆ ಮಾತಾಡುವುದಿಲ್ಲ.

ದಕ್ಷಿಣ ಕನ್ನಡದ ಏಳಿಗೆಗೆ ಬಂದರೇ ಕಾರಣ ಎನ್ನುವವರು ಕಾಲಾನುಕ್ರಮವನ್ನೂ ಮರೆಯುತ್ತಾರೆ. ಕೆನರಾ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕು 1906ರವು, ಕರ್ಣಾಟಕ ಬ್ಯಾಂಕು 1924ರದು, ಸಿಂಡಿಕೇಟ್ 1925ರದು, ವಿಜಯಾ 1931ರದು. ಪಣಂಬೂರಿನ ಬಂದರು ಬರುವ ಅರ್ಧ ಶತಮಾನದ ಮುಂಚೆಯೇ ಜಿಲ್ಲೆ ಬ್ಯಾಂಕುಗಳ ತವರಾಗಿತ್ತು. ಉಡುಪಿಯಲ್ಲಿ 1928ರಲ್ಲಿ ಶುರುವಾದ ಪಿಗ್ಮಿ ಠೇವಣಿ ಮನೆಮನೆಯ ಪುಡಿಗಾಸನ್ನು ದಿನವೂ ಕೂಡಿಸಿದ ಏರ್ಪಾಟು. ಅದಕ್ಕೆ ಅಲೆಯೂ ಬೇಕಿರಲಿಲ್ಲ, ಅಳಿವೆಯೂ ಬೇಕಿರಲಿಲ್ಲ. ಹೆಂಚಿನ ಉದ್ಯಮಕ್ಕೆ ನದಿ ದಡದ ಜೇಡಿ ಬೇಕಿತ್ತು, ನಿಜ. ಆ ಜೇಡಿ ಯುಗಗಳಿಂದ ಅಲ್ಲೇ ಇತ್ತು. ಕಾರ್ಖಾನೆ ಎದ್ದಿದ್ದು 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಯಂತ್ರ ಮತ್ತು ಆವಿಗೆ ಹಾಕಿದ ಮೇಲೆ. ಬೆಂಗಳೂರನ್ನು ಇಲ್ಲಿ ಎಳೆದು ತರುವ ಅಗತ್ಯವೇ ಇಲ್ಲ: ಬಂದರಿಲ್ಲದ, ದೊಡ್ಡ ನದಿಯಿಲ್ಲದ, ಕುಡಿಯುವ ಕಾವೇರಿ ನೀರನ್ನೂ ದೂರದಿಂದ ಮೇಲಕ್ಕೆತ್ತಿ ತರುವ ಊರು ರಾಜ್ಯದ ಅತಿ ದೊಡ್ಡ ನಗರವಾಗಿರುವುದು ಎಲ್ಲರ ಕಣ್ಣೆದುರೇ ಇದೆ.

ಈಗ ಸಿಂಧನೂರು. ತುಂಗಭದ್ರೆ ಈ ತಾಲ್ಲೂಕಿನ ದಕ್ಷಿಣದ ಗಡಿಯಾಗಿ ಯಾವಾಗಲೂ ಹರಿಯುತ್ತಿದ್ದಳು. ನದಿ ಪಕ್ಕದಲ್ಲೇ ಇದ್ದರೂ ಊರು ಜೋಳ, ಸಜ್ಜೆ, ಹತ್ತಿಯ ಒಣ ಬೇಸಾಯದ ಊರಾಗಿಯೇ ಇತ್ತು. ಬರ ಬಂದರೆ ಖಾಲಿಯಾಗುತ್ತಿತ್ತು. ತುಂಗಭದ್ರೆಗೆ ಕಟ್ಟೆ ಹಾಕುವ ಆಲೋಚನೆ 1860ರ ಹೊತ್ತಿಗೇ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಕಾಲದಲ್ಲಿ ಹುಟ್ಟಿತ್ತು. ಮದ್ರಾಸ್ ಸರ್ಕಾರ ಮತ್ತು ಹೈದರಾಬಾದಿನ ನಿಜಾಮ ಸರ್ಕಾರ ನೀರಿನ ಪಾಲು ಕುದುರಿಸಿ ಅಡಿಗಲ್ಲು ಹಾಕಿದ್ದು 1945ರಲ್ಲಿ. ನೀರು ಹರಿದಿದ್ದು 1953ರಲ್ಲಿ. ಈ ತೊಂಬತ್ತು ವರ್ಷ ಕಣಿವೆ ಅದೇ, ಬಂಡೆ ಅದೇ, ಹೊಳೆ ಅದೇ. ತಡವಾಗಿದ್ದು ಎರಡು ಆಳ್ವಿಕೆಗಳ ಒಪ್ಪಂದ. ದೋಆಬಿಗೆ ಇದೇನೂ ಹೊಸತಲ್ಲ. ಬಹಮನಿಗಳು, ವಿಜಯನಗರದವರು, ಬಿಜಾಪುರದವರು ಇದೇ ನೆಲಕ್ಕಾಗಿ ಬಡಿದಾಡಿದ್ದರು, ಅದಕ್ಕೆ ನೀರು ತರುವ ಯೋಚನೆ ಮಾತ್ರ ಗಡಿ ಜಗಳದಷ್ಟು ತುರ್ತಿನದಾಗಲಿಲ್ಲ.

ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ. ಅದರ ಮೂಲ ಲೆಕ್ಕದಲ್ಲಿ ಭತ್ತಕ್ಕೆ ಇದ್ದ ಪಾಲು ಚಿಕ್ಕದು. ನೀರನ್ನು ತೆಳುವಾಗಿ ಹರಡಿ, ಹೆಚ್ಚು ಹಳ್ಳಿಗಳಿಗೆ ಮುಟ್ಟಿಸಿ, ಜೋಳ, ಶೇಂಗಾ, ಹತ್ತಿಯಂಥ ಅರೆ ನೀರಾವರಿ ಬೆಳೆಗಳನ್ನು ಬರದಿಂದ ಕಾಯುವುದು ಯೋಜಕರ ಉದ್ದೇಶ. ಕಪ್ಪು ಎರೆ ನೆಲದಲ್ಲಿ ನೀರು ನಿಲ್ಲಿಸಿದರೆ ಸವಳು–ಜವಳು ಆಗುತ್ತದೆ ಎಂಬುದನ್ನು ಮಣ್ಣಿನ ಶಾಸ್ತ್ರವೂ ಹೇಳುತ್ತಿತ್ತು. ಅಂದರೆ ಭೂಗೋಳ ಭತ್ತ ಬೇಡ ಎಂದಿತ್ತು, ಸರ್ಕಾರದ ಕಾಗದವೂ ಬೇಡ ಎಂದಿತ್ತು. ಆದರೂ ಸಿಂಧನೂರು, ಕಾರಟಗಿ, ಗಂಗಾವತಿ ಸೀಮೆ ರಾಜ್ಯದ ಭತ್ತದ ಕಣಜವಾಯಿತು. ಇದನ್ನು ಮಾಡಿದವರಲ್ಲಿ ಮುಖ್ಯರು ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು. ತಮ್ಮೂರಿನ ಜಮೀನು ಮಾರಿ, ಇಲ್ಲಿ ಅಗ್ಗಕ್ಕೆ ಸಿಕ್ಕ ಹಲವು ಪಟ್ಟು ಜಮೀನು ಕೊಂಡು, ಮಡಿ ಕಟ್ಟಿ, ನೆಲ ಸಮ ಮಾಡಿ, ನಾಟಿಯ ಪದ್ಧತಿ ತಂದವರು. ಅವರ ಕ್ಯಾಂಪುಗಳು ಇಂದಿಗೂ ಹಳ್ಳಿಗಳ ಪಕ್ಕದಲ್ಲಿ ಬೇರೆಯೇ ಊರುಗಳಾಗಿ ನಿಂತಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು ಸರ್ಕಾರ ಇದೇ ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಗೊಳಿಸಿತು, ಜವಳಗೇರಾದಲ್ಲಿ ಕೇಂದ್ರ ಸರ್ಕಾರದ ಬೀಜೋತ್ಪಾದನಾ ಕ್ಷೇತ್ರ ಬಂತು.

ಕರಾವಳಿಯ ಬೇಸಾಯದ ಕಸುಬು ನೂರಾರು ಕಿಲೋಮೀಟರ್ ಒಳಗೆ ಬಂದು ಬೇರೂರಿದ್ದು ನೆಲದ ಗುಣದಿಂದಲ್ಲ, ಜನ ಅದನ್ನು ಹೊತ್ತು ತಂದಿದ್ದರಿಂದ. ಆ ರೈತರ ತವರಾದ ಗೋದಾವರಿ, ಕೃಷ್ಣಾ ಮುಖಜ ಭೂಮಿಯೂ ಹುಟ್ಟಾ ಶ್ರೀಮಂತವಾಗಿರಲಿಲ್ಲ. 1832–33ರ ಗುಂಟೂರು ಬರದಲ್ಲಿ ಕಡಲ ಸನಿಹದ ಅದೇ ನಾಡು ಹೆಣಗಳ ನಾಡಾಗಿತ್ತು. ಧವಳೇಶ್ವರದ ಆಣೆಕಟ್ಟು 1852ರಲ್ಲಿ, ವಿಜಯವಾಡದ ಆಣೆಕಟ್ಟು ಅದರ ಬೆನ್ನಿಗೇ ಮುಗಿದ ಮೇಲೆ ಅಲ್ಲಿ ಭತ್ತ, ಗಿರಣಿ, ಪೇಟೆ, ಕಾಲೇಜು ಬಂದವು. ಎರಡು ಕಡೆಯೂ ಕತೆ ಒಂದೇ ರೀತಿ ನಡೆದಿದೆ. ಒಂದು ಕಡೆ ಅದನ್ನು ಕಡಲಿನ ವರ ಎನ್ನುತ್ತಾರೆ, ಇನ್ನೊಂದು ಕಡೆ ನಿಸರ್ಗದ ಶಾಪಕ್ಕೆ ಅಪವಾದ ಎನ್ನುತ್ತಾರೆ.

ಸಿಂಧನೂರಿನ ಬೆಳವಣಿಗೆಯನ್ನು ಬರೀ ಹೊಗಳಿ ಬಿಡುವಂತಿಲ್ಲ. ಮೇಲ್ಭಾಗದಲ್ಲಿ ಭತ್ತದ ಗದ್ದೆ ಹೆಚ್ಚಿದಷ್ಟೂ ಕಾಲುವೆಯ ಕೆಳಭಾಗ ಒಣಗಿತು. ಎಡದಂಡೆ ಕಾಲುವೆಯ ಮೈಲ್ 69ರ ಗೇಜಿನಲ್ಲಿ ನೀರು ಎಷ್ಟಡಿ ಎಂಬ ಪ್ರಶ್ನೆ ಪ್ರತಿ ಹಂಗಾಮಿನಲ್ಲೂ ಮಾನ್ವಿ, ಸಿರವಾರ, ರಾಯಚೂರಿನ ರೈತರನ್ನು ರಸ್ತೆಗೆ ತರುತ್ತದೆ. ಕೆಳಭಾಗಕ್ಕೆ ನೀರು ಮುಟ್ಟದಿರುವುದಕ್ಕೆ ಇಳಿಜಾರು ಕಾರಣವಲ್ಲ, ನೀರು ಇಳಿಜಾರಿನಲ್ಲೇ ಹರಿಯಬೇಕು. ಅಕ್ರಮ ತೂಬು, ಮೇಲ್ಭಾಗದ ಪಂಪ್‌ಸೆಟ್ಟು, ಅದನ್ನು ನೋಡಿಯೂ ನೋಡದ ರಾಜಕಾರಣ ಕಾರಣ. ಇನ್ನು ಕೈಗಾರಿಕೆ. ಗಿರಣಿಗಳಲ್ಲಿ ಭತ್ತ ಅಕ್ಕಿಯಾಗುತ್ತದೆ, ಚೀಲಕ್ಕೆ ತುಂಬಿ ಲಾರಿ ಹತ್ತುತ್ತದೆ. ಟ್ರ್ಯಾಕ್ಟರ್, ಗೊಬ್ಬರ, ಕೀಟನಾಶಕ, ಕೊಯ್ಲು ಯಂತ್ರದ ಅಂಗಡಿಗಳ ಸಾಲು ರಸ್ತೆಯುದ್ದಕ್ಕೂ ಇದೆ. ಇಷ್ಟು ಹಣ ಓಡಾಡುವ ಊರಿನಲ್ಲಿ ಆ ಯಂತ್ರಗಳ ಒಂದು ಭಾಗವನ್ನಾದರೂ ತಯಾರಿಸುವ, ತೌಡು–ಹೊಟ್ಟುಗಳಿಂದ ದೊಡ್ಡ ಉದ್ಯಮ ಕಟ್ಟುವ ಪ್ರಯತ್ನ ಗಿರಣಿಗಳ ಸಂಖ್ಯೆಗೆ ತಕ್ಕಂತೆ ಬೆಳೆಯಲಿಲ್ಲ. ಉಡುಪಿಯ ಪುಡಿಗಾಸು ಬ್ಯಾಂಕಾಯಿತು. ಸಿಂಧನೂರಿನ ಸುಗ್ಗಿಯ ಹಣ ಬಹುಪಾಲು ಮತ್ತೆ ಜಮೀನಿಗೆ, ಸೈಟಿಗೆ, ಸಾಲದ ಬಡ್ಡಿಗೆ ಹೋಯಿತು. ಈ ವ್ಯತ್ಯಾಸವನ್ನು ಅಕ್ಷಾಂಶ ರೇಖಾಂಶಗಳಲ್ಲಿ ಹುಡುಕಿ ಫಲವಿಲ್ಲ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 175 ತಾಲ್ಲೂಕುಗಳನ್ನು ಅಳೆದು 39ನ್ನು ಅತ್ಯಂತ ಹಿಂದುಳಿದವು ಎಂದಿತು. ಕಾಲುವೆಯ ಸಿಂಧನೂರು, ಚಿನ್ನದ ಲಿಂಗಸುಗೂರು ಎರಡೂ ಆ ಪಟ್ಟಿಯಲ್ಲಿದ್ದವು. ನೀರಿಲ್ಲ, ಸಂಪನ್ಮೂಲವಿಲ್ಲ ಎಂಬ ವಿವರಣೆ ಇಲ್ಲಿ ಎರಡು ಸಲ ಬಿದ್ದುಹೋಗುತ್ತದೆ. ನೀರು ಬಂದು ಅರ್ಧ ಶತಮಾನವಾದರೂ ಶಾಲೆ, ಆಸ್ಪತ್ರೆ, ರಸ್ತೆ, ಸಾಲ ಸೌಲಭ್ಯಗಳಲ್ಲಿ ಒಂದು ತಾಲ್ಲೂಕು ತಳದಲ್ಲೇ ಇರುತ್ತದೆ ಎಂದಾದರೆ ಕೇಳಬೇಕಾದ ಪ್ರಶ್ನೆ ನೆಲಕ್ಕಲ್ಲ.

ಲಿಂಗಸುಗೂರಿನ ಇತಿಹಾಸ ಈ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. 19ನೇ ಶತಮಾನದಲ್ಲಿ ಇದು ಸೇನಾ ಛಾವಣಿಯ ಊರು. 1853ರಲ್ಲಿ ದೋಆಬು ಬ್ರಿಟಿಷರ ಕೈಗೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿತು. ಮುಂದೆ ಲಿಂಗಸುಗೂರು ಒಂದು ಜಿಲ್ಲೆಯ ಕೇಂದ್ರವೇ ಆಗಿತ್ತು. 1905ರ ಪುನರ್ವಿಂಗಡಣೆಯಲ್ಲಿ ಆ ಜಿಲ್ಲೆ ಇಲ್ಲವಾಯಿತು. ಮುಂಬಯಿ ಮತ್ತು ಮದ್ರಾಸಿನ ರೈಲು ಮಾರ್ಗಗಳು 1871ರಲ್ಲಿ ಕೂಡಿಕೊಂಡ ರಾಯಚೂರು ಜಿಲ್ಲಾ ಕೇಂದ್ರವಾಗಿ ಉಳಿಯಿತು, ರೈಲಿಲ್ಲದ ಲಿಂಗಸುಗೂರು ಬರೀ ತಾಲ್ಲೂಕಾಯಿತು. ಒಂದು ಆಜ್ಞೆಯಿಂದ ಊರಿನ ಮೇಲ್ಮಟ್ಟದ ಕಚೇರಿಗಳು ಹೊರಟುಹೋದವು. ಆ ವರ್ಷ ಊರಿನ ಸುತ್ತಲ ಗುಡ್ಡ, ಹಳ್ಳ, ಮಣ್ಣು ಏನೂ ಬದಲಾಗಿರಲಿಲ್ಲ.

ಈ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನವಿದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಜನ ಬಂಡೆಗೆ ಬೆಂಕಿ ಹಾಕಿ, ನೀರೆರಚಿ, ಸಿಡಿಸಿ ಆರುನೂರು ಅಡಿಗಿಂತ ಆಳಕ್ಕೆ ಇಳಿದಿದ್ದರು. ಜಗತ್ತಿನ ಅತಿ ಆಳದ ಪ್ರಾಚೀನ ಗಣಿಗಳಲ್ಲಿ ಹಟ್ಟಿಯೂ ಒಂದು. ಆಧುನಿಕ ಗಣಿಗಾರಿಕೆ 1902ರಲ್ಲಿ ಶುರುವಾಗಿ 1920ರಲ್ಲಿ ನಿಂತಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ ಹುಟ್ಟಿ, ಮರುವರ್ಷ ಉತ್ಪಾದನೆ ಮತ್ತೆ ಆರಂಭವಾಯಿತು. ರಾಜ್ಯಗಳ ಪುನರ್ವಿಂಗಡಣೆಯ ಬಳಿಕ ಅದೇ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಮುಚ್ಚಿದಾಗಲೂ ತೆರೆದಾಗಲೂ ಬಂಡೆಯೊಳಗಿನ ಚಿನ್ನ ಅಲ್ಲೇ ಇತ್ತು. ಕೋಲಾರದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು, ಚಿನ್ನದ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ನೆಲ ಕಚ್ಚಿದ್ದ ಹೊತ್ತಿನಲ್ಲಿ. ಕೆಲವೇ ವರ್ಷಗಳಲ್ಲಿ ಬೆಲೆ ಹಲವು ಪಟ್ಟಾಯಿತು. ಹಟ್ಟಿ ಮುಚ್ಚದೆ ಉಳಿದು ದೇಶದ ಚಿನ್ನದ ಉತ್ಪಾದನೆಯ ಮುಖ್ಯ ಆಸರೆಯಾಯಿತು. ಖನಿಜ ಇರುವ ಜಾಗವನ್ನು ನಿಸರ್ಗ ಹೇಳುತ್ತದೆ. ಅಗೆಯಬೇಕೆ, ಎಂದು ನಿಲ್ಲಿಸಬೇಕು, ಲಾಭ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಮಂಡಳಿಗಳು ಹೇಳುತ್ತವೆ.

ಲಾಭ ಎಲ್ಲಿಗೆ ಹೋಯಿತು ಎನ್ನುವುದು ಹಟ್ಟಿ ಪಟ್ಟಣವನ್ನು ನೋಡಿದರೆ ತಿಳಿಯುತ್ತದೆ. ಗಣಿ ಕಾಲೊನಿ, ಆಸ್ಪತ್ರೆ, ಪೇಟೆ ಇವೆ. ಗಣಿಗೆ ಬೇಕಾದ ಯಂತ್ರದ ಬಿಡಿಭಾಗ, ಸ್ಫೋಟಕ, ಉಕ್ಕಿನ ಹಗ್ಗ, ರಾಸಾಯನಿಕ ಎಲ್ಲವೂ ಹೊರಗಿನಿಂದ ಬರುತ್ತವೆ, ಚಿನ್ನ ಹೊರಗೆ ಹೋಗುತ್ತದೆ. ಲಿಂಗಸುಗೂರಿನ ಸುತ್ತ ಗಣಿಯ ಪೂರೈಕೆದಾರರ ಸಣ್ಣ ಕೈಗಾರಿಕೆಗಳ ವಲಯವಾಗಲಿ, ಆಭರಣ ತಯಾರಿಕೆಯ ಹೆಸರಾಂತ ಕೇಂದ್ರವಾಗಲಿ ಎದ್ದಿಲ್ಲ. ಒಂದೇ ಗಣಿಯ ಮೇಲೆ ದೊಡ್ಡ ಊರು ನಿಲ್ಲುವುದಿಲ್ಲ ಎಂದು ಇದಕ್ಕೆ ಸಮಾಧಾನ ಹೇಳುವುದುಂಟು. ಕುದುರೆಮುಖದ ಒಂದೇ ಗಣಿಗಾಗಿ ಘಟ್ಟದಿಂದ ಕಡಲವರೆಗೆ ಕೊಳವೆ ಹಾಕಿ, ತೀರದಲ್ಲಿ ಉಂಡೆ ಅದಿರಿನ ಕಾರ್ಖಾನೆ ಕಟ್ಟಿದ ರಾಜ್ಯದಲ್ಲಿ ಈ ಸಮಾಧಾನಕ್ಕೆ ತೂಕವಿಲ್ಲ. ಅಲ್ಲಿ 2005ರ ಕೊನೆಗೆ ಗಣಿ ನಿಂತಿತು, ಕಾರ್ಖಾನೆ ಹೊರಗಿನ ಅದಿರು ತಂದು ನಡೆಯಿತು.

ಮಸ್ಕಿಯ ವಿಷಯದಲ್ಲಿ ಭೂಗೋಳವಾದಿಗಳ ಪಕ್ಷ ಹೆಚ್ಚು ಬಲವಾಗಿ ಕಾಣುತ್ತದೆ, ಆದ್ದರಿಂದ ಅದನ್ನು ನಿಧಾನವಾಗಿ ನೋಡಬೇಕು. ಈ ಪ್ರದೇಶದ ಬಹಳಷ್ಟು ಹಳ್ಳಿಗಳು ತುಂಗಭದ್ರಾ ಎಡದಂಡೆ ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿವೆ. ಉತ್ತರದಿಂದ ಬರುವ ನಾರಾಯಣಪುರ ಬಲದಂಡೆ ಕಾಲುವೆಯ ನೀರೂ ಅವುಗಳಿಗೆ ಎಟುಕಿಲ್ಲ. ಎರಡು ದೊಡ್ಡ ನೀರಾವರಿ ಯೋಜನೆಗಳ ನಡುವೆ ಒಣಗಿ ಉಳಿದ ಪಟ್ಟಿ ಇದು. ನೀರು ಮೇಲಕ್ಕೆ ಹತ್ತುವುದಿಲ್ಲ ಎಂಬುದಕ್ಕೆ ಯಾವ ಖಂಡನೆಯೂ ಇಲ್ಲ. ಆದರೆ ನೀರನ್ನು ಹತ್ತಿಸಬಹುದು, ಕಾಲುವೆಯನ್ನು ಎಲ್ಲಿಂದ ಕವಲೊಡೆಯಿಸಬೇಕು ಎಂದು ಆರಿಸಬಹುದು. 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ ಧರಣಿ ಕೂತರು. 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ಮುಖ್ಯ ವಿಷಯಗಳಲ್ಲಿ ಒಂದಾಯಿತು. ಸರ್ಕಾರದ ಕಡೆಯವರು ನಂದವಾಡಗಿ ಏತ ನೀರಾವರಿಯನ್ನು ತೋರಿಸಿದರು, ರೈತರು ಹರಿನೀರೇ ಬೇಕೆಂದರು. ಯಾರ ಲೆಕ್ಕ ಸರಿ ಎಂಬುದು ಎಂಜಿನಿಯರುಗಳ ವಾದ. ಇಲ್ಲಿ ಮುಖ್ಯವಾದುದು ಇಷ್ಟೇ: ಎರಡೂ ಕಡೆಯವರು ಮಾತಾಡಿದ್ದು ಹಣ, ನೀರಿನ ಹಂಚಿಕೆ, ವಿನ್ಯಾಸಗಳ ಬಗ್ಗೆ. ನೆಲದ ಎತ್ತರ ಆ ಲೆಕ್ಕದ ಒಂದು ಬಾಬ್ತು.

ಮಸ್ಕಿ ಯಾವಾಗಲೂ ಮೂಲೆಯ ಊರಾಗಿತ್ತು ಎನ್ನುವುದಕ್ಕೂ ಆಧಾರವಿಲ್ಲ. ನಿಜಾಮ ಸಂಸ್ಥಾನದಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಇಲ್ಲಿನ ಬಂಡೆಯ ಮೇಲೆ ಕಂಡ ಶಾಸನ, ದೇವಾನಾಂಪ್ರಿಯನೆಂಬುವನು ಅಶೋಕನೇ ಎಂದು ಹೆಸರು ಹಿಡಿದು ಹೇಳಿತು. 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ತಾಮ್ರ–ಶಿಲಾಯುಗದಿಂದ ಹಿಡಿದು ಹಲವು ಕಾಲದ ಜನವಸತಿಯ ಪದರಗಳು ಸಿಕ್ಕವು. ಮಣಿ ತಯಾರಿಕೆಯ ಕುರುಹುಗಳೂ ಕಂಡವು. ಭೂವಿಜ್ಞಾನಿಗಳು ಈ ಭಾಗದ ಚಿನ್ನದ ಶಿಲಾಪಟ್ಟಿಯನ್ನು ಕರೆಯುವುದೇ ಹಟ್ಟಿ–ಮಸ್ಕಿ ಪಟ್ಟಿ ಎಂದು. ಒಂದು ಸಾಮ್ರಾಜ್ಯದ ಆಜ್ಞೆ ಬಂದು ಮುಟ್ಟಬೇಕಾದಷ್ಟು ಮುಖ್ಯವಾಗಿದ್ದ ನೆಲೆ, 2018ರವರೆಗೆ ತಾಲ್ಲೂಕು ಕಚೇರಿಗೂ ಕಾಯಬೇಕಾಯಿತು. ಈ ಇಳಿಕೆಯನ್ನು ಮಳೆಯ ಲೆಕ್ಕದಿಂದ ವಿವರಿಸಲು ಹೊರಟರೆ ಅಶೋಕನ ಕಾಲದಲ್ಲಿ ಇಲ್ಲಿ ಕರಾವಳಿಯ ಮಳೆ ಸುರಿಯುತ್ತಿತ್ತು ಎಂದೇ ಹೇಳಬೇಕಾದೀತು.

ಭೂಗೋಳದ ವಾದ ಪೂರ್ತಿ ಸೋಲುವುದು ರೈಲಿನ ವಿಷಯದಲ್ಲಿ. ಮಾರ್ಗ ಹಾಕುವುದಕ್ಕೆ ಪಶ್ಚಿಮ ಘಟ್ಟಕ್ಕಿಂತ ಕಠಿಣವಾದ ನೆಲ ದಕ್ಷಿಣ ಭಾರತದಲ್ಲಿ ಅಪರೂಪ. ಹಾಸನ–ಮಂಗಳೂರು ಮಾರ್ಗಕ್ಕೆ ಸಕಲೇಶಪುರ ಮತ್ತು ಸುಬ್ರಹ್ಮಣ್ಯದ ನಡುವೆ ಐವತ್ತಕ್ಕೂ ಹೆಚ್ಚು ಸುರಂಗ ಕೊರೆಯಬೇಕಾಯಿತು. 1990ರಲ್ಲಿ ನಿಗಮ ರಚನೆಯಾಗಿ, ನದಿ, ಕೊರಕಲು, ಗುಡ್ಡಗಳನ್ನು ದಾಟುತ್ತ ಏಳುನೂರು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಎಂಟು ವರ್ಷದಲ್ಲಿ, 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆಯಿತು. ಗಿಣಿಗೇರಾ–ಮೆಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997–98ರಲ್ಲಿ. ಗಿಣಿಗೇರಾದಿಂದ ಸಿಂಧನೂರಿಗೆ ನೂರು ಕಿಲೋಮೀಟರೂ ಇಲ್ಲ. ದಾರಿಯಲ್ಲಿ ಘಟ್ಟವಿಲ್ಲ, ದಟ್ಟ ಕಾಡಿಲ್ಲ. ಸಿಂಧನೂರಿಗೆ ಮೊದಲ ರೈಲು ಬಂದಿದ್ದು 2024ರಲ್ಲಿ. ಗದಗ–ವಾಡಿ ಮಾರ್ಗ ಲಿಂಗಸುಗೂರನ್ನು ಮುಟ್ಟಬೇಕು. 2025ರಲ್ಲಿ ಅದು ಕುಷ್ಟಗಿಗೆ ಬಂದು ನಿಂತಿತ್ತು. ನೆಲದ ಏರಿಳಿತವೇ ಕೈಗಾರಿಕೆಯ ಹಣೆಬರಹ ಬರೆಯುವುದಾದರೆ ಬಯಲಿನ ರೈಲು ಮೊದಲು ಬರಬೇಕಿತ್ತು, ಘಟ್ಟದ್ದು ಕೊನೆಗೆ. ಅನುದಾನ ಕೊಡುವಾಗ ತೋರಿದ ಉದಾಸೀನಕ್ಕೆ ಬಯಲನ್ನು ದೂರುವುದು ಬರೀ ಅಪ್ರಾಮಾಣಿಕತೆ.

ಇನ್ನೊಂದು ಲೆಕ್ಕ ಈ ಚರ್ಚೆಗಳಲ್ಲಿ ಬರುವುದೇ ಇಲ್ಲ. ಕರಾವಳಿಯ 'ನೈಸರ್ಗಿಕ' ಬೆಳವಣಿಗೆಗೆ ಕೂಲಿ ಯಾರದು? ಮಂಗಳೂರಿನ ಬಹುಮಹಡಿ ಕಟ್ಟಡಗಳಿಗೆ, ರಸ್ತೆ ಕಾಮಗಾರಿಗೆ ಮಣ್ಣು ಹೊರುವವರಲ್ಲಿ ರಾಯಚೂರು, ಕೊಪ್ಪಳ, ಬಾಗಲಕೋಟೆ ಕಡೆಯ ಕುಟುಂಬಗಳು ಬಹಳ. ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಿಂದ ಹಿಂಗಾರಿ ಕೈಕೊಟ್ಟ ವರ್ಷ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೊರಡುವ ಬಸ್ಸುಗಳು ತುಂಬಿಹೋಗುತ್ತವೆ. ತಾಂಡಾಗಳಲ್ಲಿ ಮುದುಕರೂ ಮಕ್ಕಳೂ ಉಳಿಯುತ್ತಾರೆ. ಒಂದು ಪ್ರದೇಶದ ದುಡಿಮೆ ಇನ್ನೊಂದರ ಪಟ್ಟಣವನ್ನು ಕಟ್ಟುತ್ತಿರುವಾಗ ಆ ಪಟ್ಟಣದ ಶ್ರೇಯವನ್ನು ಕಡಲಿಗೆ ಬರೆದರೆ, ದುಡಿದವರ ಊರಿನ ಬಡತನವನ್ನು ಬಂಜರಿಗೆ ಬರೆದರೆ ಲೆಕ್ಕದ ಎರಡೂ ಬದಿ ಸುಳ್ಳಾಗುತ್ತದೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯಡಿ ವಿಶೇಷ ಸ್ಥಾನ ಬಂದಿದ್ದು 2013ರಲ್ಲಿ. ಓದು ಮತ್ತು ಸರ್ಕಾರಿ ನೌಕರಿಯಲ್ಲಿ ಅದರಿಂದ ಪ್ರಯೋಜನ ಕಂಡಿದೆ. ಆದರೆ ಪದವಿ ಪಡೆದ ಯುವಕನಿಗೆ ತನ್ನ ತಾಲ್ಲೂಕಿನಲ್ಲೇ ಸರ್ಕಾರಿ ಕುರ್ಚಿಯಲ್ಲದ ಕೆಲಸ ಹುಟ್ಟಿಸುವುದು ಆ ವಿಧಿಯೊಂದರಿಂದಲೇ ಆಗುವಂಥದ್ದಲ್ಲ.

ಭೂಗೋಳವಾದಿಗಳ ಬತ್ತಳಿಕೆಯಲ್ಲಿ ಉಳಿಯುವ ಕೊನೆಯ ಬಾಣ ಹೂಳು. 133 ಟಿಎಂಸಿ ಅಡಿಯ ತುಂಗಭದ್ರಾ ಜಲಾಶಯದಲ್ಲಿ ಈಗ 105ರ ಆಸುಪಾಸು ಮಾತ್ರ ನಿಲ್ಲುತ್ತದೆ. ಅಂದ ಮೇಲೆ ಕಾಲುವೆಯಿಂದ ಬೆಳೆದ ಸಿಂಧನೂರು ಕಾಲುವೆಯ ಜೊತೆಗೇ ಇಳಿಯುತ್ತದೆ, ನಿಸರ್ಗ ಕೊನೆಗೂ ಗೆಲ್ಲುತ್ತದೆ ಎನ್ನುತ್ತಾರೆ. ಆಪತ್ತು ನಿಜವಾದದ್ದು. ಆದರೆ ಹೂಳು ಬರುವುದು ಜಲಾನಯನದ ಮೇಲ್ಭಾಗದ ಕಾಡು, ಗಣಿ, ಉಳುಮೆಗಳ ಸ್ಥಿತಿಯಿಂದ. ಅದರಲ್ಲಿ ಮನುಷ್ಯನ ಪಾಲು ಸಣ್ಣದಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟು ಕೊಚ್ಚಿಹೋದಾಗ ಸುರಿದುಹೋದ ನೀರಿಗಂತೂ ಮಳೆಯನ್ನು ದೂರುವಂತಿಲ್ಲ. ಆ ವರ್ಷ ಜಲಾಶಯ ತುಂಬಿತ್ತು, ಮುರಿದಿದ್ದು ಎಪ್ಪತ್ತು ವರ್ಷ ಹಳೆಯ ಗೇಟಿನ ಸರಪಳಿ. ಹೂಳಿನಿಂದ ಕಳೆದುಹೋದ ನೀರಿಗೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟಿ, ಪ್ರವಾಹದ ಕಾಲದಲ್ಲಿ ಹೊಳೆಗೆ ಬಿಡುವ ನೀರನ್ನು ಹಿಡಿಯುವ ಪ್ರಸ್ತಾವ ವರ್ಷಗಳಿಂದ ಇದೆ. ಅದಕ್ಕೆ ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಒಪ್ಪಿಗೆ ಬೇಕು, ಮುಳುಗುವ ಹಳ್ಳಿಗಳಿಗೆ ನ್ಯಾಯವಾದ ಪರಿಹಾರ ಬೇಕು, ಕಟ್ಟಿದ ಮೇಲೆ ಆ ನೀರು ಮತ್ತೆ ಮೇಲ್ಭಾಗದ ಗದ್ದೆಗಳಲ್ಲೇ ಇಂಗದೆ ಮೈಲ್ 69ರ ಆಚೆಗೂ ದಾಟಬೇಕು. ಈ ಮೂರರಲ್ಲಿ ಯಾವುದನ್ನೂ ನವಲಿಯ ನೆಲ ತೀರ್ಮಾನಿಸುವುದಿಲ್ಲ.